ಸೊನ್ನೆ ಮಿಲಿಗ್ರಾಂ ಸಿಟ್ಟು

ಜನವರಿ 9

ನನ್ನ ಮುದ್ದು ದೊಡ್ಡಮ್ಮ,

ನನಗೀಗ ಒಂದು ಮನೆಯಿದೆ! ನಾಲ್ಕನೇ ಮಹಡಿ, ಎರಡು ಕೋಣೆ, ಮತ್ತೆ ಎಂಥ ಬಾಲ್ಕನಿ ಅಂದರೆ ಒಬ್ಬರು ಒಳಗೆ ಬಂದರೆ ಮಾತ್ರ ಇನ್ನೊಬ್ಬರು ಹೊರಗೆ ಹೋಗಬಹುದು. ಗಂಡನೂ ಇದ್ದಾನೆ! ಬೆಳಿಗ್ಗೆ ಎದ್ದು ಪಕ್ಕಕ್ಕೆ ತಿರುಗಿದರೆ ಇರುತ್ತಾನೆ. ಹದಿಮೂರು ದಿನದಿಂದ ಪರೀಕ್ಷಿಸುತ್ತಿದ್ದೇನೆ, ಒಂದು ದಿನವೂ ತಪ್ಪಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಈ ಮಹಾಶಯನ ಸ್ವಂತ ಕಟ್ಟಡದ ಲಿಫ್ಟು ಮಾತ್ರ ಕೆಟ್ಟು ನಿಂತಿದೆ. ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತುವಾಗ ನಾಲ್ಕು ಸಲ ಹೇಳುತ್ತೇನೆ, ನಾಲ್ಕು ಸಲವೂ ನಗುತ್ತಾನೆ. ಎಷ್ಟು ಚೆನ್ನಾಗಿ ನಗುತ್ತಾನೆ ಗೊತ್ತಾ! ಸರಿ, ನಿಲ್ಲಿಸಿದೆ.

ನೀನು ಫೋನಿಗೆ ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಫೋನನ್ನು ಕಿವಿಗೆ ಹಿಡಿದರೆ ಭುಜ ಎಳೆಯುತ್ತದೆ, ಸ್ಪೀಕರಿಗೆ ಹಾಕಿದರೆ ಬೈಂಡಿಂಗ್ ಅಂಗಡಿಯವರೆಲ್ಲ ಕೆಲಸ ಬಿಟ್ಟು ಕೇಳುತ್ತಾರೆ ಅಂತ ನೀನೇ ಹೇಳಿದ್ದೆ. ಹಾಗಾಗಿ ಇನ್ನು ಮೇಲೆ ನಾವಿಬ್ಬರೂ ಹಳೇ ಕಾಲದವರು. ನನಗಂತೂ ಖುಷಿಯೇ!

ಈಗ ಹೇಗಿದೆ ದೊಡ್ಡಮ್ಮ? ಸೆಪ್ಟೆಂಬರಿನಲ್ಲಿ ನೀನು ಜಡೆ ಹಾಕಿಕೊಳ್ಳಲು ಕೈ ಎತ್ತಲಾರದೆ, ಹಾಸಿಗೆಯಿಂದ ಏಳಲು ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದದ್ದು ನೆನಪಾದರೆ ಈಗಲೂ ರಾತ್ರಿ ಎದ್ದು ದೀಪ ಹಾಕುತ್ತೇನೆ. ಒಬ್ಬರು ವಯಸ್ಸು ಅಂದರು, ಒಬ್ಬರು ದಿಂಬು ಸರಿಯಿಲ್ಲ ಅಂದರು. ಕೊನೆಗೆ ಕೀಲು ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ ‘ಪಾಲಿಮಯಾಲ್ಜಿಯಾ ರುಮ್ಯಾಟಿಕಾ’ ಅಂದಾಗ ನೀನು, “ಇಷ್ಟುದ್ದ ಹೆಸರಾ? ಪುಸ್ತಕದ ಬೆನ್ನಿಗೆ ಅಚ್ಚು ಹಾಕ್ಬೇಕು ಅಂದ್ರೆ ಎರಡು ಸಾಲು ಬೇಕಲ್ರೀ” ಅಂದೆ. ಸ್ಟೆರಾಯ್ಡ್ ಮಾತ್ರೆ ಶುರುವಾದ ಮೂರನೇ ದಿನ ನೀನೇ ಬಾಚಿಕೊಂಡು, ನೀನೇ ಜಡೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಮದುವೆಗಿಂತ ದೊಡ್ಡ ಸಂಭ್ರಮ ಅದು. (ಗಂಡನಿಗೆ ಹೇಳಬೇಡ.)

ಆದರೆ ಮದುವೆ ಹಾಲಿನಲ್ಲಿ ನೀನು ಮಾಮನ ಮೇಲೆ ಕೂಗಿದೆಯಲ್ಲ, ಅಬ್ಬಾ! ಮೈಕಿನವನು ಮೈಕ್ ಕೆಳಗಿಟ್ಟುಬಿಟ್ಟ. ನಾನು ಓಡಿ ಬಂದು ನಿನ್ನ ಹೆಗಲ ಮೇಲೆ ಕೈಹಾಕಿ, “ತಪ್ಪು ತಿಳ್ಕೋಬೇಡಿ, ಇದು ದೊಡ್ಡಮ್ಮ ಅಲ್ಲ, ಮಾತ್ರೆ ಮಾತಾಡ್ತಿರೋದು” ಅನ್ನದೇ ಇದ್ದಿದ್ದರೆ ನಿನ್ನ ಅಂಗಡಿಯ ಗಿರಾಕಿಗಳಾದ ಆ ಲೈಬ್ರರಿಯವರು ಊಟಕ್ಕೂ ನಿಲ್ಲುತ್ತಿರಲಿಲ್ಲ. ಎಲ್ಲರೂ ನಕ್ಕರು, ವಾತಾವರಣ ತಿಳಿಯಾಯಿತು. ನನ್ನ ಸಮಯಪ್ರಜ್ಞೆಗೆ ಒಂದು ಥ್ಯಾಂಕ್ಸ್ ಬಾಕಿ ಇದೆ!

ಲಕ್ಷ ಮುತ್ತುಗಳೊಂದಿಗೆ,
ನಿನ್ನ ಗಿರಗಿಟ್ಲೆ


ಜನವರಿ 20

ಗಿರಗಿಟ್ಲೆ,

ಮನೆ ಚೆನ್ನಾಗಿದೆ ಎಂದು ತಿಳಿಯಿತು. ಗಂಡ ನಗುತ್ತಾನೆ ಎಂದೂ ತಿಳಿಯಿತು. ಸಂತೋಷ.

ಥ್ಯಾಂಕ್ಸ್ ಹೇಳುವುದಿಲ್ಲ. ಹಾಲಿನಲ್ಲಿ ನಾನು ಯಾಕೆ ಕೂಗಿದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಕಾಲೇಜಿನ ಲೈಬ್ರರಿಯ ಪುಸ್ತಕಗಳಿಗೆ ನಲವತ್ತು ವರ್ಷದಿಂದ ರಟ್ಟು ಕಟ್ಟಿದವಳು ನಾನು. ನಿನ್ನ ಮಾಮ ಅವರ ಮುಂದೆ ನಿಂತು, “ಅಕ್ಕ ಈಗ ಕೆಲಸ ಬಿಟ್ಟಿದಾಳೆ, ಇನ್ಮೇಲೆ ಎಲ್ಲಾ ನನ್ನ ಹತ್ರಾನೇ ಮಾತಾಡಿ” ಎಂದ. ನಾನು ಕೆಲಸ ಬಿಟ್ಟ ಸುದ್ದಿ ನನಗೆ ತಿಳಿದದ್ದು ಹಾಗೆ, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ. ಕೂಗಿದೆ. ಮಾತ್ರೆ ಇಲ್ಲದಿದ್ದರೂ ಕೂಗುತ್ತಿದ್ದೆ. ಭುಜ ಎಳೆಯದಿದ್ದರೆ ತಟ್ಟೆಯನ್ನೂ ಎಸೆಯುತ್ತಿದ್ದೆ.

ನೀವೆಲ್ಲ ಹೋದ ಮೇಲೆ ಅಂಗಡಿಗೆ ಹೋದೆ. ನನ್ನ ಕಟಿಂಗ್ ಮಷೀನಿನ ಹಿಡಿಕೆಗೆ ಸರಪಳಿ ಸುತ್ತಿ ಬೀಗ ಹಾಕಿದ್ದಾರೆ.

“ಏನೋ ಇದು?” ಎಂದೆ.

“ನಿನ್ನ ಒಳ್ಳೇದಕ್ಕೇ ಅಕ್ಕ.”

“ನನ್ನ ಒಳ್ಳೇದು ನಂಗೊತ್ತಿಲ್ವೇನೋ? ಬೀಗದ ಕೈ ಕೊಡು.”

“ನೋಡು, ಮತ್ತೆ ಶುರು ಮಾಡ್ದೆ. ಬೆಳಿಗ್ಗೆ ಮಾತ್ರೆ ತಗೊಂಡ್ಯಾ?”

ಮಷೀನಿಗೆ ಹೊಸ ಕೆಲಸಗಾರನೊಬ್ಬನನ್ನು ತಂದಿದ್ದಾನೆ. ನಲವತ್ತೈದರ ಆಳು, ದಪ್ಪ ಮೀಸೆ, ಬಲು ಆತ್ಮವಿಶ್ವಾಸ. ಮೊದಲ ವಾರವೇ ಮುನ್ನೂರು ಪುಟದ ಒಂದು ಪ್ರಬಂಧದ ಅಂಚು ಕತ್ತರಿಸಲು ಕೂತು, ಪುಟಸಂಖ್ಯೆಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ. ಬೈದೆ. ಅವನು ಮಾಮನ ಕಡೆ ನೋಡಿದ, ಮಾಮ ತಲೆಯ ಹತ್ತಿರ ಬೆರಳು ತಿರುಗಿಸಿ ‘ಮಾತ್ರೆ’ ಎಂದು ಸನ್ನೆ ಮಾಡಿದ. ನೀನು ಹಾಲಿನಲ್ಲಿ ಕಲಿಸಿಕೊಟ್ಟ ಮಾತು ಈಗ ಅಂಗಡಿಯ ಮಾತಾಗಿದೆ. ಟೀ ತರುವವನೂ ಹೇಳುತ್ತಾನೆ.

ಒಂದು ವಿಷಯ ಒಪ್ಪುತ್ತೇನೆ. ಗೋಂದಿನ ಡಬ್ಬಿಯ ಮುಚ್ಚಳ ಬರಲಿಲ್ಲವೆಂದು ಮೊನ್ನೆ ಅತ್ತೆ. ಅದು ಮಾತ್ರೆ. ನಿದ್ದೆ ಬರುವುದಿಲ್ಲ, ಮುಖ ಊದಿದೆ, ಸಿಕ್ಕಿದ್ದೆಲ್ಲ ತಿನ್ನಬೇಕು ಅನಿಸುತ್ತದೆ. ಅದೂ ಮಾತ್ರೆ. ಬೀಗ ಕಂಡು ಕೂಗಿದ್ದು ನಾನು. ಎರಡರ ನಡುವಿನ ಗೆರೆ ನನಗೆ ಕಾಣುತ್ತದೆ, ನಿಮಗೆ ಯಾರಿಗೂ ಕಾಣುವುದಿಲ್ಲ.

ಈಗ ದಿನಕ್ಕೆ ಹತ್ತು ಮಿಲಿಗ್ರಾಂ. ಹದಿನೈದರಿಂದ ಇಳಿದಿದ್ದೇನೆ. ಇನ್ನು ಮುಂದೆ ತಿಂಗಳಿಗೆ ಒಂದೊಂದೇ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ. ಅಂದರೆ ಇನ್ನೂ ಒಂದು ವರ್ಷ ನಾನು ಏನು ಹೇಳಿದರೂ ಅದು ಮಾತ್ರೆ ಹೇಳಿದ್ದು.

ದೊಡ್ಡಮ್ಮ


ಫೆಬ್ರವರಿ 2

ನನ್ನ ಸಿಡಿಮಿಡಿ ದೊಡ್ಡಮ್ಮ,

ನಿನ್ನ ಕಾಗದ ಓದಿ ಮೊದಲು ಹೆದರಿದೆ, ಆಮೇಲೆ ಮಾತ್ರೆಯ ಡಬ್ಬಿಯೊಳಗೆ ಬರುತ್ತದಲ್ಲ, ಆ ಮಡಿಸಿದ ಚೀಟಿಯನ್ನು ಇಲ್ಲಿನ ಮೆಡಿಕಲ್ ಶಾಪಿನಿಂದ ತರಿಸಿ ಓದಿದೆ. ಬರೆದೇ ಇದೆ ದೊಡ್ಡಮ್ಮ! ‘ಕಿರಿಕಿರಿ, ಮನಸ್ಸಿನ ಏರುಪೇರು, ನಿದ್ರಾಹೀನತೆ.’ ಎಷ್ಟು ಸಮಾಧಾನವಾಯಿತು! ಸಿಟ್ಟು ನಿನ್ನದಲ್ಲ, ಅದಕ್ಕೆ ನೀನು ಬೇಜಾರು ಮಾಡಿಕೊಳ್ಳುವುದೇ ಬೇಡ.

ಅದಕ್ಕೇ ಒಂದು ಐಡಿಯಾ. ಇದರ ಜೊತೆ ಒಂದು ಪಟ್ಟಿ ಕಳಿಸಿದ್ದೇನೆ, ಬಣ್ಣ ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿ, ಮೂಲೆಯಲ್ಲಿ ಹೂವು ಬಿಡಿಸಿ! ಮೂರು ಕಾಲಂ: ತಾರೀಖು, ಎಷ್ಟು ಮಿಲಿಗ್ರಾಂ, ಸಿಟ್ಟು ಹತ್ತಕ್ಕೆ ಎಷ್ಟು. ಮಾತ್ರೆ ಇಳಿದ ಹಾಗೆ ಸಿಟ್ಟೂ ಇಳಿಯುವುದನ್ನು ನೀನೇ ಕಣ್ಣಾರೆ ನೋಡುತ್ತೀಯ. ಸ್ಕೂಲಿನಲ್ಲಿ ನಮಗೆ ಮಳೆಯ ಪಟ್ಟಿ ಬರೆಸುತ್ತಿದ್ದರಲ್ಲ, ಹಾಗೇ.

ಮಷೀನಿನ ವಿಷಯ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀಯ? ಮಾಮ ನಿನ್ನ ಒಳ್ಳೆಯದಕ್ಕೇ ಮಾಡಿರುತ್ತಾರೆ. ಸ್ವಲ್ಪ ದಿನ ಕುರ್ಚಿಯಲ್ಲಿ ಕೂತು ಬೇರೆಯವರ ಕೈಯಲ್ಲಿ ಕೆಲಸ ಮಾಡಿಸು, ಮಹಾರಾಣಿಯ ಹಾಗೆ!

ನಿನ್ನ ಕಾಗದವನ್ನು ಗಂಡನಿಗೆ ಓದಿ ಹೇಳಿದೆ. “ನಿಮ್ಮ ಮಾಮಂಗೂ ಸಿಟ್ಟು ಬರುತ್ತಲ್ಲ, ಅವ್ರು ಯಾವ ಮಾತ್ರೆ ತಗೋತಾರೆ?” ಅಂತ ಕೇಳಿದ. ಇವನಿಗೆ ಎಲ್ಲದರಲ್ಲೂ ತಮಾಷೆ.

ನಿನ್ನ ಗಿರಗಿಟ್ಲೆ


ಫೆಬ್ರವರಿ 25

ಗಿರಗಿಟ್ಲೆ,

ಪಟ್ಟಿ ತಲುಪಿತು. ಒಳ್ಳೆಯ ಕೆಲಸ ಮಾಡಿದೆ. ತುಂಬುತ್ತಿದ್ದೇನೆ, ಪೂರ್ತಿಯಾದ ಮೇಲೆ ಕಳಿಸುತ್ತೇನೆ.

ಮಾತ್ರೆ ಇಳಿಸಿದ್ದೇನೆ, ಡಾಕ್ಟರಮ್ಮ ಹೇಳಿದ್ದಕ್ಕಿಂತ ಬೇಗ. ಅವರಿಗೆ ಹೇಳಿಲ್ಲ. ಮಾಮನಿಗೂ ಹೇಳಬೇಡ. ಬೆಳಗಿನ ಹೊತ್ತು ಭುಜ, ಸೊಂಟ ಮತ್ತೆ ಬಿಗಿಯುತ್ತಿವೆ, ಅದು ಇದ್ದದ್ದೇ. ಈ ಕಾಗದದ ಸಾಲುಗಳು ಕೆಳಗೆ ಜಾರಿವೆ, ಓದಿಕೋ.

ಯಾರ ಸಿಟ್ಟು ಎಂಬುದು ಇನ್ನು ಸ್ವಲ್ಪ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ದೊಡ್ಡಮ್ಮ


ಮಾರ್ಚ್ 3

ಚಾಂಪಿಯನ್ ದೊಡ್ಡಮ್ಮ!!

ಶಹಭಾಷ್! ಡಾಕ್ಟರಿಗಿಂತ ಬೇಗ! ನಾನು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ನಿನ್ನ ಧ್ವನಿಯೇ ಬದಲಾಗಿದೆ, ಎಷ್ಟು ಶಾಂತವಾದ ಕಾಗದ! ಪಟ್ಟಿ ಕೆಲಸ ಮಾಡುತ್ತದೆ ಅಂದಿದ್ದೆನಲ್ಲ? ಸಾಲುಗಳು ಜಾರಿದ್ದು ನೋಡಿ ನೀನು ಬಸ್ಸಿನಲ್ಲಿ ಕೂತು ಬರೆದಿರಬೇಕು ಅಂದುಕೊಂಡೆ. ಸುತ್ತಾಡಲು ಶುರು ಮಾಡಿದ್ದೀಯ ಅಂದ ಹಾಗಾಯಿತು!

ಗಂಡ ಮಾತ್ರ ಮುಖ ಗಂಟು ಹಾಕಿಕೊಂಡ. “ಇಳಿಸೋದು ಬೇರೆ, ಬೀಳಿಸೋದು ಬೇರೆ ಕಣೆ. ಡಾಕ್ಟರಿಗೆ ಒಂದು ಮಾತು ಹೇಳೋಕೆ ಹೇಳು” ಅಂದ. ಲಿಫ್ಟಿನವರಿಗೆ ಎಲ್ಲದಕ್ಕೂ ಭಯ. ನೀನು ಹೀಗೇ ಮುಂದುವರಿಸು!

ಮುತ್ತುಗಳು,
ಗಿರಗಿಟ್ಲೆ


ಏಪ್ರಿಲ್ 6

ನಿನಗೆ,

ನಿನ್ನ ‘ಶಹಭಾಷ್’ ಬಂದ ದಿನ ನಾನು ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ನಿನಗೆ ತಿಳಿಸಬಾರದೆಂದು ಮಾಮನಿಂದ ಮಾತು ತೆಗೆದುಕೊಂಡಿದ್ದೆ. ಒಂದು ತಿಂಗಳ ಮೇಲೆ ಈಗ ಪೆನ್ನು ಹಿಡಿದಿದ್ದೇನೆ. ಎರಡು ದಿನದಿಂದ ಬರೆಯುತ್ತಿದ್ದೇನೆ.

ಮೊದಲು ನಿನ್ನ ಪಟ್ಟಿ. ನೀನು ಮೂರು ಕಾಲಂ ಹಾಕಿ ಹೂವು ಬಿಡಿಸಿದ್ದೆ. ಕಾರಣಕ್ಕೆ ಜಾಗ ಬಿಟ್ಟಿರಲಿಲ್ಲ. ಹೂವಿನ ಮೇಲೆಯೇ ಗೆರೆ ಎಳೆದು ನಾಲ್ಕನೆಯ ಕಾಲಂ ನಾನು ಮಾಡಿಕೊಂಡೆ.

ಫೆಬ್ರವರಿ 6. ಏಳು ಮಿಲಿಗ್ರಾಂ. ಸಿಟ್ಟು ಒಂಬತ್ತು. ಕಾರಣ: ಬೀಗ.
ಫೆಬ್ರವರಿ 13. ನಾಲ್ಕು ಮಿಲಿಗ್ರಾಂ. ಸಿಟ್ಟು ಒಂಬತ್ತು. ಕಾರಣ: ಬೀಗ.
ಫೆಬ್ರವರಿ 18. ಎರಡು ಮಿಲಿಗ್ರಾಂ. ಸಿಟ್ಟು ಹತ್ತು. ಕಾರಣ: ಬೀಗ. ಲೈಬ್ರರಿಯವರು ಬಂದಾಗ ನನ್ನನ್ನು ಮೂಲೆಯಲ್ಲಿ ಕೂರಿಸಿ ಫ್ಯಾನ್ ಹಾಕಿದ್ದು.
ಫೆಬ್ರವರಿ 22. ಸೊನ್ನೆ. ಸಿಟ್ಟು ಒಂಬತ್ತು. ಕಾರಣ: ಬೀಗ.
ಮಾರ್ಚ್ 5. ಸೊನ್ನೆ. ಸಿಟ್ಟು ಒಂದು. ಕಾರಣ: ಕೂಗಲು ಶಕ್ತಿಯಿಲ್ಲ.

ನನಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತು. ಮಾರನೆಯ ದಿನ ಅಂಗಡಿಯಲ್ಲಿ ರಟ್ಟಿನ ರಾಶಿಯ ಪಕ್ಕ ಬಿದ್ದೆ. ಎರಡು ದಿನದಿಂದ ವಾಂತಿ, ನಿಂತರೆ ತಲೆಸುತ್ತು, ನೀರೂ ನಿಲ್ಲುತ್ತಿರಲಿಲ್ಲ. ಮಾಮ ಮತ್ತು ಆ ಮೀಸೆಯವನು ಹೊತ್ತುಕೊಂಡು ಹೋದರು. “ಏನ್ ಮಾತ್ರೆ ತಗೋತಾರೆ?” ಎಂದು ಅಲ್ಲಿನ ಡಾಕ್ಟರು ಕೇಳಿದರೆ, ಎರಡು ತಿಂಗಳು ನನ್ನ ಸಿಟ್ಟಿಗೆಲ್ಲ ಮಾತ್ರೆಯ ಹೆಸರು ಹೇಳಿದ ನಿನ್ನ ಮಾಮನಿಗೆ ಆ ಮಾತ್ರೆಯ ಹೆಸರು ಗೊತ್ತಿಲ್ಲ! “ಯಾವ್ದೋ ಕೀಲು ನೋವಿಂದು” ಎಂದನಂತೆ. ‘ಈಕೆ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಾರೆ’ ಎಂಬ ಚೀಟಿಯನ್ನು ಸದಾ ಪರ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಡಾಕ್ಟರಮ್ಮ ಕೊಟ್ಟಿದ್ದರು. ಬಿಟ್ಟವಳಿಗೆ ಚೀಟಿ ಯಾಕೆ ಎಂದು ನಾನೇ ತೆಗೆದು ಡ್ರಾಯರಿಗೆ ಹಾಕಿದ್ದೆ. ಅದು ನನ್ನ ಮೂರ್ಖತನ, ಬೇರೆ ಯಾರದ್ದೂ ಅಲ್ಲ. ಹೆಸರು ಗೊತ್ತಾಗುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಆಮೇಲೆ ಅದೇ ಜಾತಿಯ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟರು. ಸಂಜೆಗೆ ಎದ್ದು ಕೂತು ದಿಂಬು ಸರಿಯಿಲ್ಲ ಎಂದು ನರ್ಸಿಗೆ ಬೈದೆನಂತೆ.

ಮಾರನೆಯ ದಿನ ಕೀಲು ಡಾಕ್ಟರಮ್ಮ ಬಂದರು.

“ಯಾರು ನಿಲ್ಸೋಕೆ ಹೇಳಿದ್ದು?”

“ಯಾರೂ ಇಲ್ಲ.”

“ಮತ್ತೆ?”

“ನನ್ನ ಸಿಟ್ಟು ನಂದೋ ಮಾತ್ರೆದೋ ಅಂತ ನೋಡ್ಬೇಕಿತ್ತು.”

ಅವರು ಪೆನ್ನು ಮುಚ್ಚಿ ಮಂಚದ ಮೇಲೆಯೇ ಕೂತರು. “ನೋಡಿದ್ರಾ?”

“ನೋಡ್ದೆ. ನಂದೇ.”

“ಆ ಪರೀಕ್ಷೇಲಿ ನೀವು ಸತ್ತೇ ಹೋಗ್ತಿದ್ರಿ, ಗೊತ್ತಾ? ಒಂದು ಫೋನ್ ಮಾಡಿದ್ರೆ ನಾನೇ ಹೇಳ್ತಿದ್ನಲ್ಲಮ್ಮ. ಕಾರಣ ಇದ್ದು ಬಂದ್ರೆ ಅದು ನಿಮ್ಮ ಸಿಟ್ಟು. ಕಾರಣ ಇಲ್ದೆ ಬಂದ್ರೆ ನಂಗೆ ಹೇಳಿ.”

ಆಮೇಲೆ ಬಿಡಿಸಿ ಹೇಳಿದರು. ಈ ಮಾತ್ರೆಯಂಥದ್ದನ್ನೇ ನಮ್ಮ ಮೈ ತಾನೇ ದಿನಾ ಮಾಡಿಕೊಳ್ಳುತ್ತದಂತೆ. ತಿಂಗಳುಗಟ್ಟಲೆ ಹೊರಗಿನಿಂದ ಕೊಟ್ಟರೆ ಒಳಗಿನದು ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸಿದರೆ ಅದಕ್ಕೆ ಮತ್ತೆ ಎದ್ದುಕೊಳ್ಳಲು ಸಮಯ ಸಿಗುತ್ತದೆ. ಮೂರು ವಾರದಲ್ಲಿ ಕಿತ್ತು ಹಾಕಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಭುಜದ ಬಿಗಿತವೂ ಸುಮ್ಮನೆ ವಾಪಸು ಬಂದದ್ದಲ್ಲ, ಕಾಯಿಲೆಯೇ ಎದ್ದು ಕೂತದ್ದು. ಹಾಗಾಗಿ ಮತ್ತೆ ಹದಿನೈದರಿಂದ ಶುರು. ಆರು ತಿಂಗಳ ಇಳಿತವೆಲ್ಲ ಮಣ್ಣುಪಾಲು.

ಇಲ್ಲಿಯವರೆಗಿನದಕ್ಕೆ ನಿನ್ನ ಮೇಲೆ ಅರ್ಧ ಸಿಟ್ಟು. ಉಳಿದರ್ಧ ಕೇಳು.

ಮಾಮ ಮೂರನೆಯ ದಿನ ಫ್ಲಾಸ್ಕ್ ಹಿಡಿದು ಬಂದು ಮಂಚದ ಕಾಲ ಹತ್ತಿರ ನಿಂತ. ಕಣ್ಣು ಕೆಂಪಗಿತ್ತು. “ಅಕ್ಕ, ಬೀಗ ನನ್ನ ಐಡಿಯಾ ಅಲ್ಲ. ನಿನ್ನ ಗಿರಗಿಟ್ಲೇದು. ಮದುವೆಗೆ ಮುಂಚೆನೇ ಹೇಳಿದ್ಲು, ನಾನು ಹೋದ್ಮೇಲೆ ಹಾಕಿಬಿಡಿ ಮಾಮ, ನನ್ನ ಹೆಸರು ಹೇಳ್ಬೇಡಿ ಅಂತ.”

ನಿನ್ನ ಫೆಬ್ರವರಿಯ ಕಾಗದವನ್ನು ತರಿಸಿ ಮತ್ತೊಮ್ಮೆ ಓದಿದೆ. ‘ಮಾಮ ನಿನ್ನ ಒಳ್ಳೆಯದಕ್ಕೇ ಮಾಡಿರುತ್ತಾರೆ.’

ನಿನ್ನಮ್ಮ ಹೋದಾಗ ನಿನಗೆ ಆರು ವರ್ಷ. ಆ ಮಷೀನಿನಿಂದ ಬಿದ್ದ ಕಾಗದದ ಪಟ್ಟಿಗಳಲ್ಲಿ ಆಡಿಕೊಂಡು ನೀನು ಬೆಳೆದೆ. ನನ್ನ ಕೈಗೆ ಬೀಗ ಹಾಕಿಸಿ, ನಾನು ಅಯ್ಯೋ ಎಂದರೆ ಅದಕ್ಕೂ ಅಂಕ ಕೊಡಲು ಪಟ್ಟಿ ಕಳಿಸಿದೆ.

ಈಗ ಹದಿನೈದು ಮಿಲಿಗ್ರಾಂ. ಸಿಟ್ಟು ಹತ್ತು. ಕಾರಣ: ನೀನು.


ಏಪ್ರಿಲ್ 14

ದೊಡ್ಡಮ್ಮ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಗಂಡ ಕೆಲಸದಿಂದ ಬರುವಾಗ ಅಲ್ಲೇ ಇದ್ದೆ.

ನನಗೂ ಸಿಟ್ಟು ಬಂದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಕ್ಷಮೆ ಕೇಳುತ್ತೇನೆ. ಒಟ್ಟಿಗೆ ಹೇಳಿದರೆ ಎರಡೂ ಸುಳ್ಳಾಗುತ್ತವೆ.

ಒಂದು ವಾದ ಗೆಲ್ಲುವುದಕ್ಕೆ ಸಾಯಲು ಹೊರಟಿದ್ದೆಯಾ? ಹದಿಮೂರು ದಿನ ಸೊನ್ನೆ! ವಾಂತಿ ಮಾಡಿಕೊಳ್ಳುತ್ತಾ ಕೂತು ನನ್ನ ಪಟ್ಟಿಯಲ್ಲಿ ‘ಸಿಟ್ಟು ಒಂದು’ ಅಂತ ಬರೆದೆಯಲ್ಲ, ಆ ಪೆನ್ನಿನಲ್ಲೇ ಡಾಕ್ಟರಿಗೆ ಎರಡು ಸಾಲು ಬರೆಯಬಹುದಿತ್ತು. ಒಂದು ತಿಂಗಳು ನನಗೆ ತಿಳಿಸಲಿಲ್ಲ. ಆ ಒಂದು ತಿಂಗಳು ನಾನು ಇಲ್ಲಿ ಪರದೆಗೆ ಬಟ್ಟೆ ಆರಿಸುತ್ತಾ, ಸಿನಿಮಾ ನೋಡುತ್ತಾ, ನಿನ್ನ ಕಾಗದ ಬಂದಿಲ್ಲವೆಂದರೆ ಎಲ್ಲಾ ಚೆನ್ನಾಗಿದೆ ಅಂತ ಅಂದುಕೊಂಡಿದ್ದೆ. ನೀನು ಹೋಗಿಬಿಟ್ಟಿದ್ದರೆ ನಾನು ನಿನಗೆ ಬರೆದ ಕೊನೆಯ ಮಾತು ‘ಹೀಗೇ ಮುಂದುವರಿಸು’. ಅದನ್ನು ಇಟ್ಟುಕೊಂಡು ನಾನು ಹೇಗೆ ಬದುಕಬೇಕಿತ್ತು? ಅಮ್ಮನೂ ಹೇಳದೇ ಹೋದಳು. ನೀನೂ ಹಾಗೇ ಮಾಡಲು ನೋಡಿದೆ.

ಬರೆದು ಮುಗಿಯಿತು. ಈಗ ನನ್ನದು.

ಹೌದು, ಬೀಗ ಹಾಕಿ ಅಂದವಳು ನಾನೇ. ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ನಾನು ನಿನ್ನನ್ನು ಕರೆಯಲು ಅಂಗಡಿಗೆ ಬಂದೆ. ಕಾಗದದ ಕಟ್ಟನ್ನು ಸರಿಪಡಿಸಲು ನಿನ್ನ ಎಡಗೈ ಅಲಗಿನ ಕೆಳಗಿತ್ತು. ಬಲಗೈ ಮೇಲಿನ ಹಿಡಿಕೆಯ ಮೇಲೆ, ಅದು ಇಳಿದರೆ ಅಲಗೂ ಇಳಿಯುತ್ತದೆ. ನಿನ್ನ ಭುಜ ಹಿಡಿದುಕೊಂಡಿತು. ಎಡಗೈಯನ್ನು ಹಿಂದಕ್ಕೆ ಎಳೆಯಲೂ ಆಗುತ್ತಿಲ್ಲ, ಬಲಗೈಯಲ್ಲಿ ಹಿಡಿಕೆಯನ್ನು ಮೇಲಕ್ಕೆ ತಳ್ಳಿ ಹಿಡಿಯಲೂ ಆಗುತ್ತಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಅಂತ ನನಗೆ ಗೊತ್ತಿಲ್ಲ. ನೀನು ಕೂಗಲಿಲ್ಲ. ತುಟಿ ಕಚ್ಚಿ ಒಂದೊಂದೇ ಬೆರಳನ್ನು ಹೊರಗೆ ತಂದೆ. ನಾನು ಬಾಗಿಲಲ್ಲೇ ನಿಂತಿದ್ದೆ, ಸಹಾಯಕ್ಕೂ ಬರಲಿಲ್ಲ. ಸದ್ದಾಗದ ಹಾಗೆ ಹಿಂದಕ್ಕೆ ಹೋಗಿ, ಐದು ನಿಮಿಷ ಬಿಟ್ಟು, ‘ದೊಡ್ಡಮ್ಮಾ’ ಅಂತ ಹಾಡುತ್ತಾ ಬಂದೆ.

ಅವತ್ತಿನಿಂದ ಆ ಮಷೀನ್ ಅಂದರೆ ನನಗೆ ನಿನ್ನ ಬೆರಳುಗಳೇ ಕಾಣುತ್ತವೆ. ನಿನಗೆ ಹೇಳಲು ಧೈರ್ಯ ಬೇಕಿತ್ತು, ಮಾಮನಿಗೆ ಹೇಳಲು ಬೇಕಿರಲಿಲ್ಲ. ಹಾಗಾಗಿ ಮಾಮನಿಗೆ ಹೇಳಿದೆ. ಮದುವೆಯ ಹಾಲಿನಲ್ಲಿ ನೀನು ಕೂಗಿದಾಗ ನಿನಗೆ ಎಲ್ಲಾ ಗೊತ್ತಾಗಿ ನನ್ನನ್ನೇ ಬೈಯುತ್ತೀಯೇನೋ ಅಂತ ಹೆದರಿ ಓಡಿ ಬಂದೆ. ಮಾತ್ರೆಯ ಮಾತು ನನ್ನ ಬಾಯಿಗೆ ಬಂದದ್ದು ನಿನ್ನನ್ನು ಉಳಿಸುವುದಕ್ಕಲ್ಲ, ನನ್ನನ್ನು ಉಳಿಸಿಕೊಳ್ಳುವುದಕ್ಕೆ. ಎಲ್ಲರೂ ನಕ್ಕಾಗ ನನಗೆ ಎಷ್ಟು ಹಾಯೆನಿಸಿತು ಅಂದರೆ, ಆಮೇಲೆ ಅದನ್ನೇ ಹಿಡಿದುಕೊಂಡೆ. ನಿನ್ನ ಸಿಟ್ಟು ಮಾತ್ರೆಯದ್ದಾಗಿದ್ದರೆ ನನ್ನ ತಪ್ಪು ಇಲ್ಲವೇ ಇಲ್ಲ ಅಂದ ಹಾಗಾಗುತ್ತಿತ್ತಲ್ಲ.

ತಪ್ಪಾಯಿತು ದೊಡ್ಡಮ್ಮ. ಹೂವು ಬಿಡಿಸಿದ್ದಕ್ಕೂ ತಪ್ಪಾಯಿತು.

ನಾನು


ಮೇ 10

ಗಿರಗಿಟ್ಲೆ,

ನಿನ್ನ ಕಾಗದದ ಮೊದಲ ಅರ್ಧ ಚೆನ್ನಾಗಿದೆ. ನೀನು ಇಷ್ಟು ಸರಿಯಾಗಿ ಬೈಯಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ಬೈಗುಳ ಪೂರ್ತಿ ಒಪ್ಪಿದ್ದೇನೆ. ಡಾಕ್ಟರಿಗೆ ಹೇಳದೆ ಇನ್ನು ಅರ್ಧ ಮಾತ್ರೆಯನ್ನೂ ಬಿಡುವುದಿಲ್ಲ.

ಎರಡನೆಯ ಅರ್ಧಕ್ಕೆ ಉತ್ತರ. ಆ ಮಧ್ಯಾಹ್ನ ಬಾಗಿಲಲ್ಲಿ ನೀನಿದ್ದೆ ಎಂದು ಗೊತ್ತಿರಲಿಲ್ಲ. ಆದರೆ ನೀನು ನೋಡಿದ್ದು ಅಷ್ಟೇ. ಅದರ ಮಾರನೆಯ ದಿನದಿಂದ ನಾನು ಅಲಗಿನ ಹತ್ತಿರ ಹೋಗಲಿಲ್ಲ. ಮಾತ್ರೆ ಕೆಲಸ ಮಾಡುವವರೆಗೆ ಕತ್ತರಿಸುವ ಕೆಲಸವನ್ನೆಲ್ಲ ಪಕ್ಕದ ಬೀದಿಯ ಪ್ರೆಸ್ಸಿಗೆ ಕಳಿಸಿದೆ. ನನ್ನ ಮಷೀನನ್ನು ನಾನೇ ನಿಲ್ಲಿಸಿದ್ದೆ, ಸರಪಳಿ ಇಲ್ಲದೆ. ಕೈಗಳು ನನ್ನವು, ಅಲ್ಲವೇ? ಭಯ ನನಗೆ ನಿನಗಿಂತ ಮೊದಲೇ ಗೊತ್ತಿತ್ತು. ನೀನು ಕೇಳಿದ್ದರೆ ಹೇಳುತ್ತಿದ್ದೆ. ನೀವು ಯಾರೂ ಕೇಳಲಿಲ್ಲ. ಕೇಳುವ ಬದಲು ಬೀಗ ತಂದಿರಿ. ಇದಕ್ಕೆ ನನ್ನ ಸಿಟ್ಟು ಇಳಿದಿಲ್ಲ, ಬೇಗ ಇಳಿಯುವ ಹಾಗೂ ಕಾಣುವುದಿಲ್ಲ.

ಈಗ ವ್ಯವಸ್ಥೆ ಹೀಗಿದೆ. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ. ಹನ್ನೊಂದು ಗಂಟೆಯವರೆಗೆ ಮೈ ಬಿಗಿದಿರುತ್ತದೆ, ಆವರೆಗೆ ಕೂತು ಹೊಲಿಗೆ. ಹನ್ನೊಂದಕ್ಕೆ ಎರಡೂ ಕೈಗಳನ್ನು ಕಪಾಟಿನ ಮೇಲಿನ ಹಲಗೆಗೆ ಮುಟ್ಟಿಸುತ್ತೇನೆ. ಮುಟ್ಟಿದರೆ ಬೀಗ ತೆಗೆದು ಕತ್ತರಿಸುತ್ತೇನೆ. ಮುಟ್ಟದಿದ್ದರೆ ಮೀಸೆಯವನು ಕತ್ತರಿಸುತ್ತಾನೆ, ನಾನು ಪಕ್ಕದಲ್ಲಿ ನಿಂತು ಅಳತೆ ಹೇಳುತ್ತೇನೆ. ಹೋದ ವಾರ ಅವನು, “ಮೊದ್ಲೇ ಹೇಳಿದ್ರೆ ಕಲೀತಿದ್ದೆ ಅಮ್ಮಾ, ನಿಮ್ಮ ಮಾತು ಕೇಳ್ಬೇಡ ಅಂದಿದ್ರು” ಎಂದ. ಅಲ್ಲೇ ನಿಂತಿದ್ದ ಮಾಮ ಏನೋ ಹುಡುಕುವವನ ಹಾಗೆ ಒಳಕೋಣೆಗೆ ಹೋದ.

ನಿನ್ನೆಗೆ ಹತ್ತು ಮಿಲಿಗ್ರಾಮಿಗೆ ಬಂದಿದ್ದೇನೆ. ಇನ್ನು ತಿಂಗಳಿಗೆ ಒಂದು. ರಕ್ತ ಪರೀಕ್ಷೆ ಸರಿಯಿಲ್ಲದಿದ್ದರೆ, ಇಲ್ಲವೇ ಬಿಗಿತ ಮರಳಿದರೆ ಇದ್ದಲ್ಲೇ ನಿಲ್ಲುವುದು. ಜ್ವರ ಬಂದರೆ, ವಾಂತಿಯಾದರೆ ಅವತ್ತೇ ಆಸ್ಪತ್ರೆಗೆ ಫೋನು. ಹೊಸ ತಲೆನೋವು, ಜಗಿಯುವಾಗ ದವಡೆ ನೋವು, ಕಣ್ಣು ಮಂಜು, ಇವುಗಳಲ್ಲಿ ಒಂದು ಕಂಡರೂ ಒಂದು ಗಂಟೆಯನ್ನೂ ಕಾಯದೆ ಓಡಿ ಬರಬೇಕು, ಇದೇ ಕಾಯಿಲೆಯ ಜೊತೆ ಕಣ್ಣು ಕಳೆಯುವ ಇನ್ನೊಂದು ಬರುವುದುಂಟು ಎಂದಿದ್ದಾರೆ. ಚೀಟಿ ಪರ್ಸಿನಲ್ಲಿದೆ. ಮಾಮ ಮಾತ್ರೆಯ ಹೆಸರನ್ನು ಬಾಯಿಪಾಠ ಮಾಡಿದ್ದಾನೆ, ದಿನಕ್ಕೊಂದು ಸಲ ಒಪ್ಪಿಸುತ್ತಾನೆ.

ನಿನ್ನಿಂದ ನನಗೆ ಎರಡು ಬೇಕು. ಹಾಲಿನಲ್ಲಿ ಯಾರ ಮುಂದೆ ಆ ಮಾತು ಹೇಳಿದೆಯೋ ಅವರಿಗೆಲ್ಲ ಅದು ಸುಳ್ಳು ಎಂದು ನೀನೇ ಹೇಳು. ನನ್ನ ಪರವಾಗಿ ಮಾಮ ಹೇಳಕೂಡದು. ಮತ್ತೆ, ಇಲ್ಲಿಗೆ ಬಾ. ಕ್ಷಮೆ ಕೇಳಲು ಅಲ್ಲ. ನಾನು ಬೈಯಬೇಕಾಗಿರುವುದು ಇನ್ನೂ ಬಹಳ ಇದೆ, ಇಷ್ಟು ಬರೆಯುವಷ್ಟರಲ್ಲಿ ಬೆರಳು ಸೋಲುತ್ತದೆ.

ದೊಡ್ಡಮ್ಮ


ಮೇ 25

ದೊಡ್ಡಮ್ಮ,

ಲೈಬ್ರರಿಯವರಿಗೆ ಕಾಗದ ಹಾಕಿದೆ. ಅವರ ಉತ್ತರವೂ ಬಂತು: ‘ನಮಗೆ ಆವತ್ತೇ ಅನುಮಾನವಿತ್ತು. ಅಷ್ಟು ನೆಟ್ಟನೆಯ ವಾಕ್ಯ ಮಾತ್ರೆಗೆ ಬರುವುದಿಲ್ಲ.’ ಗಂಡನ ಮನೆಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆ. ಹನ್ನೊಂದು ಜನ. ಒಬ್ಬರು, “ಹೋಗ್ಲಿ ಬಿಡಮ್ಮ, ಹಳೇ ವಿಷಯ” ಅಂದರು. ಬಿಡಲಿಲ್ಲ, ಪೂರ್ತಿ ಹೇಳಿದೆ. ಫೋಟೋದವನಿಗೂ ಹೇಳಿದೆ, ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ನೀನು ನಿಲ್ಲಿಸಿದ್ದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಕೇಳಬೇಕಿತ್ತು.

ಆದರೆ ನಾನೂ ಬರಿಗೈಯಲ್ಲಿ ಬರುತ್ತಿಲ್ಲ. ಆ ಒಂದು ತಿಂಗಳ ಮೌನದ ಬಗ್ಗೆ ನಿನ್ನನ್ನು ಕೇಳುವುದಿದೆ, ಮುಖ ನೋಡಿಕೊಂಡೇ ಕೇಳುತ್ತೇನೆ, ಮತ್ತು ನಗುವುದಿಲ್ಲ. ಗಂಡನೂ ಬರುತ್ತಾನೆ. ಜಗಳ ಮುಗಿಯುವವರೆಗೆ ಅಂಗಡಿಯಲ್ಲಿ ಮಾಮನ ಜೊತೆ ಕೂತಿರುತ್ತಾನಂತೆ, ಎಷ್ಟು ಹೊತ್ತಾದರೂ.

ಶನಿವಾರ ಹನ್ನೊಂದರ ಮೇಲೆಯೇ ಬರುತ್ತೇವೆ, ನಿನ್ನ ಮೈ ಸಡಿಲವಾಗಿರುವ ಹೊತ್ತಿಗೆ. ಬಾಗಿಲು ತೆಗೆದ ಕೂಡಲೇ ಶುರು ಮಾಡು. ನಾನು ನೀರು ಕುಡಿಯಲಿ ಅಂತ ಕಾಯಬೇಡ.

ಗಿರಗಿಟ್ಲೆ